ಬೇಲಿ ದಾಸವಾಳ: ಗುರುತಿಸಿ, ಟೊಂಗೆ ನೆಡಿ, ಮಳೆ-ಚಳಿ ದಾಟಿಸಿ

ಯಲ್ಲಾಪುರ ಬಿಟ್ಟು ಹುಬ್ಬಳ್ಳಿ ಹೆದ್ದಾರಿ ಹಿಡಿದರೆ ಕಿರವತ್ತಿ ಮುಟ್ಟುವಷ್ಟರಲ್ಲಿ ನೆಲದ ಸ್ವಭಾವವೇ ಬೇರೆಯಾಗಿರುತ್ತದೆ. ಅಡಿಕೆ ತೋಟದ ತಂಪು ಹಿಂದೆ ಉಳಿಯುತ್ತದೆ. ತೇಗ, ಬಿದಿರು, ಗೋವಿನಜೋಳದ ಹೊಲ ಶುರುವಾಗುತ್ತವೆ. ಇತ್ತ ಪೂರಾ ಮಲೆನಾಡೂ ಅಲ್ಲ, ಅತ್ತ ಕಲಘಟಗಿಯ ಬಯಲೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಡ ಆರದಷ್ಟು ಮಳೆ, ಡಿಸೆಂಬರ್-ಜನವರಿಯಲ್ಲಿ ಇಬ್ಬನಿ ಸುರಿಯುವ ಒಣ ಚಳಿ, ಆಮೇಲೆ ಏಪ್ರಿಲ್‌ನಲ್ಲಿ ಬಾವಿ ತಳ ಕಾಣಿಸುವ ಬಿಸಿಲು. ಇಂಥ ಊರಿನ ಅಂಗಳಕ್ಕೆ ಯಾವ ಹೂವಿನ ಗಿಡ ಹಾಕುವುದು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ನರ್ಸರಿಯ ಕುಂಡದಲ್ಲಿ ತಟ್ಟೆಯಗಲ ಹೂಬಿಟ್ಟು ನಿಂತದ್ದನ್ನು ತರುವ ಮೊದಲು, ನಿಮ್ಮ ಕೇರಿಯ ಹಳೆ ಬೇಲಿಯಲ್ಲಿರುವ ದಾಸವಾಳದ ಒಂದು ಟೊಂಗೆ ತನ್ನಿ. ಮೂರೂ ಕಾಲವನ್ನು ಹತ್ತಾರು ವರ್ಷ ತಡೆದುಕೊಂಡು ಅದು ಪರೀಕ್ಷೆ ಪಾಸಾಗಿದೆ. ನರ್ಸರಿಯದ್ದು ಇನ್ನೂ ಪರೀಕ್ಷೆಗೇ ಕೂತಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ದಾಸವಾಳದ ಖಯಾಲಿ ಹೊಸದೇನಲ್ಲ. ಬೆಳಿಗ್ಗೆ ದೇವರಿಗೆ ಹೂವಾಗಬೇಕು, ತಲೆಗೆ ಹಾಕಲು ಸೊಪ್ಪು ಬೇಕು, ಬೇಸಿಗೆಯಲ್ಲಿ ತಂಬುಳಿಗೆ ನಾಲ್ಕು ಹೂವು ಬೇಕು. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ನಡೆಸಿಕೊಂಡು ಬಂದ ಮಲೆನಾಡ ಮೇಳದಂಥ ಕಡೆಗಳಲ್ಲಿ ಬೀಜ, ಗೆಡ್ಡೆ, ಹೂಗಿಡದ ಕಡ್ಡಿ ಕೈಯಿಂದ ಕೈಗೆ ದಾಟುವುದನ್ನು ನೋಡಿದವರಿಗೆ ಈ ಸೀಮೆಯ ಹಿತ್ತಿಲು ಹೇಗೆ ತುಂಬುತ್ತದೆಂದು ಗೊತ್ತು. ಕಿರವತ್ತಿ ಕಡೆ "ಅಕ್ಕಾರ, ಒಂದ್ ಟೊಂಗಿ ಕೊಡ್ರಿ" ಎಂದರೆ ಸಾಕು, ಕತ್ತಿ ಹಿಡಿದು ಅವರೇ ಬೇಲಿಗೆ ಬರುತ್ತಾರೆ.

ಆದರೆ ಬೇಲಿಗಳೇ ಹೋಗುತ್ತಿವೆ. ಸಿಮೆಂಟ್ ಕಂಬ, ತಂತಿ, ಕಾಂಪೌಂಡ್ ಗೋಡೆ ಬಂದಲ್ಲಿ ಹಳೆ ಗಿಡ ಬುಡಸಮೇತ ಹೊರಬೀಳುತ್ತದೆ. ಅದಕ್ಕೇ ಈ ಬರಹ.

ಯಾವುದು ದಾಸವಾಳ, ಯಾವುದು ನೆಂಟ

ನಾವು ದಾಸವಾಳ ಎನ್ನುವ ಮುಖ್ಯ ಗಿಡದ ಸಸ್ಯಶಾಸ್ತ್ರೀಯ ಹೆಸರು ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಬೆಂಡೆ, ಹತ್ತಿ, ಪುಂಡಿ ಎಲ್ಲ ಇದೇ ಕುಟುಂಬದವು. ಈ ಸಂಬಂಧವನ್ನು ನೆನಪಿಟ್ಟುಕೊಳ್ಳಿ, ಕೀಟದ ಮಾತು ಬಂದಾಗ ಬೇಕಾಗುತ್ತದೆ.

ಗುರುತಿಸಲು ಹೂವಿಗಾಗಿ ಕಾಯಬೇಕಿಲ್ಲ, ಎಲೆ ಸಾಕು. ಎಲೆ ನಯವಾಗಿ ಹೊಳೆಯುತ್ತದೆ. ತುದಿಯ ಅರ್ಧ ಭಾಗದ ಅಂಚಿಗೆ ಗರಗಸದ ಹಲ್ಲು, ತೊಟ್ಟಿನ ಕಡೆಯ ಅಂಚು ಬಹುತೇಕ ಸಪಾಟು. ತೊಟ್ಟು ಸೇರುವಲ್ಲಿಂದ ಮೂರು ನರ ಎದ್ದು ಕಾಣುತ್ತವೆ. ಎರಡು ಎಲೆಗೆ ನೀರು ಮುಟ್ಟಿಸಿ ಅಂಗೈಯಲ್ಲಿ ತಿಕ್ಕಿದರೆ ಲೋಳೆ ಬಿಡುತ್ತದೆ. ಹೂವಿನಲ್ಲಿ ಐದು ಎಸಳು, ನಡುವಿನಿಂದ ಉದ್ದಕ್ಕೆ ಹೊರಚಾಚಿದ ಒಂದು ಕೊಳವೆ, ಅದರ ಮೇಲ್ಭಾಗದ ಸುತ್ತ ಹಳದಿ ಪುಡಿ ಹೊತ್ತ ಕೇಸರಗಳು, ಕಟ್ಟಕಡೆಯ ತುದಿಯಲ್ಲಿ ಮಖಮಲ್ಲಿನ ಚುಕ್ಕಿಯಂಥ ಐದು ಗುಂಡುಗಳು. ಹೂವನ್ನು ತಲೆಕೆಳಗಾಗಿ ಹಿಡಿದರೆ ಹಸಿರು ಬಟ್ಟಲಿನ ಹೊರಗೆ ಇನ್ನೊಂದು ಸುತ್ತು ಸಣ್ಣ ಹಸಿರು ಪಟ್ಟಿಗಳಿರುತ್ತವೆ. ಮುದ್ದೆ ದಾಸವಾಳದಲ್ಲಿ ಕೊಳವೆ ಸರಿಯಾಗಿ ಕಾಣುವುದಿಲ್ಲ, ಕೇಸರಗಳೇ ಎಸಳಾಗಿ ಮಾರ್ಪಟ್ಟು ಮುದ್ದೆಗಟ್ಟಿರುತ್ತವೆ. ನಮ್ಮ ಹಳೆ ಬೇಲಿಗಳಲ್ಲಿ ಬೀಜ ಕಟ್ಟುವುದು ಅಪರೂಪ. ಊರೂರಿಗೆ ಇದು ಹಬ್ಬಿದ್ದೇ ಟೊಂಗೆಯಿಂದ.

ನೆಂಟರನ್ನು ಬೇರೆಮಾಡಿ ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಆರೈಕೆ ಬೇರೆ. ಎಸಳು ಸೀಳುಸೀಳಾಗಿ ಮೇಲಕ್ಕೆ ಮಡಿಚಿ, ಉದ್ದ ತೊಟ್ಟಿನಲ್ಲಿ ಜುಮಕಿಯಂತೆ ತೂಗುವುದು ಪೂರ್ವ ಆಫ್ರಿಕಾ ಮೂಲದ ಇನ್ನೊಂದು ಜಾತಿ. ಅದರ ಟೊಂಗೆ ಸಪೂರ, ಬೇಲಿಗೆ ಚೆನ್ನ. ಕೆಂಪು ಹೂವು ಎಷ್ಟು ಹೊತ್ತಾದರೂ ಅರಳದೆ ಮುಚ್ಚಿಕೊಂಡೇ ಇರುವ, ಮೆಣಸಿನಕಾಯಿಯಂತೆ ಕಾಣುವ ಗಿಡ ದಾಸವಾಳವೇ ಅಲ್ಲ, ಮಾಲ್ವಾವಿಸ್ಕಸ್ ಎಂಬ ಹತ್ತಿರದ ಬಳಗ. ಅದು ನೆರಳಿನಲ್ಲೂ ಬರುತ್ತದೆ, ಸೂರಕ್ಕಿಗಳಿಗೆ ಬಲು ಇಷ್ಟ. ಬೆಳಿಗ್ಗೆ ಬಿಳಿ, ಸಂಜೆಗೆ ಗುಲಾಬಿಯಾಗುವ, ಅಗಲ ರೋಮದೆಲೆಯ ಬೆಟ್ಟದಾವರೆಯೂ ದಾಸವಾಳದ ಜಾತಿಯೇ. ಹುಬ್ಬಳ್ಳಿ ಸಂತೆಯಿಂದ ಬರುವ ಪುಂಡಿಪಲ್ಲೆ ಕೂಡ.

ಇನ್ನು ಹೈಬ್ರಿಡ್. ನರ್ಸರಿಯವರು ಪೂನಾ ವೆರೈಟಿ ಎಂದು ಮಾರುವ ಕಿತ್ತಳೆ, ನೇರಳೆ, ಕಂದು ಬಣ್ಣದ ದೊಡ್ಡ ಹೂಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಹಿಂದೆಯೇ ದಾಸವಾಳದ ಸಂಕರ ತಳಿಗಳನ್ನು ಮಾಡಿದೆ. ಇವುಗಳ ಚೆಲುವು ನಿಜ. ಊರ ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಬಾಡಿದರೆ, ಇವುಗಳಲ್ಲಿ ಎಷ್ಟೋ ಹೂವು ಎರಡು ದಿನ ನಿಲ್ಲುತ್ತವೆ. ಆದರೆ ಹಲವಕ್ಕೆ ಸ್ವಂತ ಬೇರು ದುರ್ಬಲ. ಮಲೆನಾಡಿನ ಮಳೆಗೆ ಮೊದಲು ಸೋಲುವುದು ಅವೇ. ಬೇಕೆಂದರೆ ಬೆಳೆಸಿ, ಊರ ದಾಸವಾಳದ ಬುಡಕ್ಕೆ ಕಸಿ ಕಟ್ಟಿ ಬೆಳೆಸಿ.

ಟೊಂಗೆ ಯಾವುದು, ಯಾವಾಗ

ಎರಡು ಹೊತ್ತು ಒಳ್ಳೆಯದು. ಮೊದಲನೆಯದು ರೋಹಿಣಿ ಕಳೆದು ಮೃಗಶಿರ ಹಿಡಿಯುವ ಜೂನ್ ಮೊದಲ ವಾರ, ನೆಲ ಒದ್ದೆಯಾಗಿದ್ದರೂ ಕೆಸರಾಗಿರದ ಸಮಯ. ಎರಡನೆಯದು ಮಳೆ ಬಿಡುವು ಕೊಡತೊಡಗುವ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆರಿದ್ರಾ, ಪುನರ್ವಸುವಿನ ಹಗಲು-ರಾತ್ರಿ ಸುರಿಯುವ ಮಳೆಯಲ್ಲಿ ನೆಟ್ಟ ಕಡ್ಡಿ ಬೇರು ಬಿಡುವ ಮೊದಲೇ ಕೊಳೆಯುವುದುಂಟು. ಶಿರಸಿ, ಸಿದ್ದಾಪುರದ ಘಟ್ಟದಂಚಿನವರು ಎರಡನೆಯ ಹೊತ್ತನ್ನೇ ಆರಿಸಿಕೊಳ್ಳಲಿ. ಕಿರವತ್ತಿ ಕಡೆ ಮಳೆ ಅಷ್ಟು ಬಿರುಸಲ್ಲ, ಅಲ್ಲಿ ಜೂನ್ ನಾಟಿಯೇ ಲೇಸು. ಬೇಸಿಗೆ ಬರುವುದರೊಳಗೆ ಬೇರು ಆಳಕ್ಕಿಳಿಯಲು ಅದಕ್ಕೆ ಹೆಚ್ಚು ದಿನ ಸಿಗುತ್ತದೆ.

ಟೊಂಗೆ ಆರಿಸುವುದರಲ್ಲೇ ಅರ್ಧ ಕೆಲಸ. ಚಿಗುರು ಬೇಡ, ಅದು ಮೆತ್ತಗೆ ಕೊಳೆಯುತ್ತದೆ. ಬೂದು ತೊಗಟೆಯ ಮುದಿ ಕಟ್ಟಿಗೆಯೂ ಬೇಡ, ಅದು ಬೇರು ಬಿಡಲು ತಡ ಮಾಡುತ್ತದೆ. ಪೆನ್ಸಿಲಿನಷ್ಟು ದಪ್ಪ, ಹಸಿರು ಹೋಗಿ ಕಂದು ಬರುತ್ತಿರುವ, ಬಗ್ಗಿಸಿದರೆ ಬಿಲ್ಲಿನಂತೆ ಬಾಗಿ ಬಿಟ್ಟಾಗ ನೆಟ್ಟಗಾಗುವ ಟೊಂಗೆ ಬೇಕು. ಹೂವು-ಮೊಗ್ಗು ಇದ್ದರೆ ಕಿತ್ತು ಹಾಕಿ. ಗೇಣುದ್ದಕ್ಕೆ ಕತ್ತರಿಸಿ, ನಾಲ್ಕೈದು ಗೆಣ್ಣು ಇರಲಿ. ಬುಡದ ಕೊಯ್ತ ಗೆಣ್ಣಿನ ಕೆಳಗೇ ಬರಬೇಕು, ಬೇರು ಹೆಚ್ಚಾಗಿ ಏಳುವುದು ಅಲ್ಲಿಂದ. ಮೇಲ್ಗಡೆಯ ಕೊಯ್ತ ಓರೆಯಾಗಿರಲಿ, ಮಳೆನೀರು ಜಾರಿಹೋಗುತ್ತದೆ. ಓರೆ ಇರುವ ಕಡೆ ತಲೆ ಎಂದು ಗುರುತೂ ಉಳಿಯುತ್ತದೆ. ತಲೆಕೆಳಗಾಗಿ ನೆಟ್ಟ ಕಡ್ಡಿ ಏಳುವುದಿಲ್ಲ. ಕತ್ತರಿ ಹರಿತವಾಗಿರಬೇಕು. ಮೊಂಡು ಕತ್ತಿಯಲ್ಲಿ ಜಜ್ಜಿದ ತುದಿಗೆ ಬೇರಿಗಿಂತ ಮೊದಲು ಕೊಳೆ ಬರುತ್ತದೆ.

ತುದಿಯ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಆ ಎರಡನ್ನೂ ಅಡ್ಡಕ್ಕೆ ಅರ್ಧ ಕತ್ತರಿಸಿ. ಬೇರಿಲ್ಲದ ಕಡ್ಡಿ ಇಡೀ ಎಲೆಗೆ ನೀರು ಪೂರೈಸಲಾರದು, ಎಲೆಯೇ ಇಲ್ಲದಿದ್ದರೆ ಅನ್ನ ತಯಾರಿಸಲಾರದು. ಅರ್ಧ ಎಲೆ ಎರಡಕ್ಕೂ ನ್ಯಾಯ.

ಮಣ್ಣು: ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು. ಮರಳು ಸಿಗದಿದ್ದರೆ ತೆಂಗಿನ ನಾರಿನ ಪುಡಿ. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ, ಹಸಿ ಸಗಣಿಯಂತೂ ಕೊಳೆಗೆ ಆಹ್ವಾನ. ಹಾಲಿನ ಪ್ಯಾಕೆಟ್ಟೋ ನರ್ಸರಿ ಕೊಟ್ಟೆಯೋ ಇದ್ದರೆ ಕೆಳಗೆ ನಾಲ್ಕೈದು ತೂತು ಮಾಡಿ ತುಂಬಿ. ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ, ಸುತ್ತ ಬೆರಳಿನಿಂದ ಒತ್ತಿ. ಒಳಗೆ ಗಾಳಿ ಉಳಿಯಬಾರದು. ಮಾಡಿನ ಹನಿ ನೇರ ಬೀಳದ, ಬೆಳಕು ಬೀಳುವ ಜಗುಲಿಯಂಚು ಒಳ್ಳೆಯ ಜಾಗ.

ಇಲ್ಲಿ ಎಷ್ಟೋ ಜನ ಅವಸರ ಮಾಡುತ್ತಾರೆ. ಹತ್ತು-ಹದಿನೈದು ದಿನಕ್ಕೆ ಚಿಗುರು ಕಂಡಿತೆಂದು ಕಿತ್ತು ನೆಟ್ಟುಬಿಡುತ್ತಾರೆ. ಆ ಚಿಗುರು ಕಡ್ಡಿಯಲ್ಲೇ ಉಳಿದಿದ್ದ ಸತ್ವದಿಂದ ಬಂದದ್ದು, ಬೇರಿನಿಂದಲ್ಲ. ಊರ ದಾಸವಾಳ ಬೇರು ಬಿಡಲು ಮೂರರಿಂದ ಐದು ವಾರ ಬೇಕು. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಜಗ್ಗಿ ನೋಡಿ. ಮಣ್ಣು ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ. ಎರಡನೆಯ ಜೋಡಿ ಎಲೆ ಬಲಿಯುವವರೆಗೆ ಕಾದು, ಆಮೇಲೆ ಕೊಟ್ಟೆ ಸೀಳಿ ಮಣ್ಣಿನ ಉಂಡೆ ಒಡೆಯದಂತೆ ನೆಲಕ್ಕಿಳಿಸಿ. ಗಾಜಿನ ಲೋಟದ ನೀರಲ್ಲಿಟ್ಟರೂ ಬೇರು ಬರುತ್ತದೆ. ಆದರೆ ನೀರಿನ ಬೇರು ಬಿರುಸು, ಮಣ್ಣಿಗೆ ಹಾಕುವಾಗ ಮುರಿಯುತ್ತದೆ. ಬೇರು ಬರಿಸುವ ಐಬಿಎ ಪುಡಿ ಗೊಬ್ಬರದಂಗಡಿಗಳಲ್ಲಿ ಸಿಗುತ್ತದೆ. ಊರ ತಳಿಗೆ ಅದರ ಅಗತ್ಯವಿಲ್ಲ.

ಬೇಲಿಗೇ ನೆಡುವುದಾದರೆ ಕೊಟ್ಟೆಯೂ ಬೇಡ. ಮೊಳದುದ್ದದ, ಹೆಬ್ಬೆರಳು ಗಾತ್ರದ ಟೊಂಗೆಗಳನ್ನು ಒಂದೂವರೆ ಅಡಿಗೊಂದರಂತೆ, ಅಗಳಿನ ದಂಡೆಯ ಏರುಮಣ್ಣಿನಲ್ಲಿ ಓರೆಯಾಗಿ ಊರುತ್ತಾ ಹೋಗಿ. ಬಲಿತ ಟೊಂಗೆಯಾದ್ದರಿಂದ ಬೇರು ತಡವಾಗುತ್ತದೆ, ಕೆಲವು ಹೋಗುತ್ತವೆ, ಹೋದಲ್ಲಿ ಮತ್ತೊಂದು ಊರಿದರಾಯಿತು.

ಹೈಬ್ರಿಡ್ ಕಡ್ಡಿ ಹಟ ಮಾಡಿದರೆ ಗೂಟಿ ಕಟ್ಟಿ. ಗಿಡದಲ್ಲೇ ಇರುವ ಟೊಂಗೆಯಲ್ಲಿ ಒಂದಿಂಚು ಉದ್ದಕ್ಕೆ ಸುತ್ತ ತೊಗಟೆ ತೆಗೆದು, ಒದ್ದೆ ನಾರು ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿದು ಬಿಟ್ಟರೆ ಎರಡು ತಿಂಗಳೊಳಗೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಾಣಿಸುತ್ತದೆ. ಅಪ್ಪೆಮಿಡಿಗೆ ಕಸಿ ಕಟ್ಟಿ ಪಳಗಿದ ಕೈ ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅವರಿಗೆ ದಾಸವಾಳದ ಸೀಳು ಕಸಿ ಹೇಳಿಕೊಡಬೇಕಾದ್ದೇ ಇಲ್ಲ.

ಮಳೆಗಾಲವೇ ದೊಡ್ಡ ಗಂಡಾಂತರ

ಶೀತ ದೇಶದ ತೋಟಗಾರಿಕೆ ಪುಸ್ತಕಗಳಲ್ಲಿ ಗಿಡವನ್ನು ಚಳಿಗಾಲ ದಾಟಿಸುವ ಅಧ್ಯಾಯ ಉದ್ದವಾಗಿರುತ್ತದೆ. ನಮ್ಮಲ್ಲಿ ಆ ಜಾಗ ಮಳೆಗಾಲದ್ದು. ದಾಸವಾಳಕ್ಕೆ ಮಳೆ ಇಷ್ಟ, ನಿಂತ ನೀರು ಆಗದು. ಬುಡದಲ್ಲಿ ನಾಲ್ಕು ದಿನ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ, ಮೇಲೆ ಎಲೆ ಹಳದಿಯಾಗಿ ಉದುರುತ್ತದೆ. ಹಳದಿ ಕಂಡವರು ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ, ಗಿಡ ಅಲ್ಲಿಗೆ ಮುಗಿಯುತ್ತದೆ. ಹಳದಿ ಎಲೆ ಕಂಡರೆ ಮೊದಲು ಬುಡದ ಮಣ್ಣು ಮುಟ್ಟಿ ನೋಡಿ. ಅಂಗಳದ ಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಮಣ್ಣು ಏರಿಸಿ ನೆಟ್ಟರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಕುಂಡದಲ್ಲಿದ್ದರೆ ಅಡಿಯ ತಟ್ಟೆ ತೆಗೆದು, ಕುಂಡವನ್ನು ಎರಡು ಇಟ್ಟಿಗೆಯ ಮೇಲಿಡಿ. ಹಸಿ ದರಕು ಬುಡಕ್ಕೆ ಒತ್ತರಿಸಬೇಡಿ, ಅದರಡಿ ಬಸವನಹುಳ ಮನೆಮಾಡಿ ರಾತ್ರಿ ಎಳೆ ಚಿಗುರು ತಿನ್ನುತ್ತದೆ.

ಕವಾತು ಮಾಡುವುದಿದ್ದರೆ ಮೇ ಕೊನೆಯ ವಾರ, ಮೊದಲ ಮಳೆ ಬಿದ್ದ ಕೂಡಲೇ ಮಾಡಿ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆಗ ಮೂರರಲ್ಲೊಂದು ಭಾಗ ಸವರಿದರೆ ಚೌತಿಯ ಹೊತ್ತಿಗೆ ಗಿಡ ತುಂಬುತ್ತದೆ, ಕತ್ತರಿಸಿದ್ದರಲ್ಲಿ ಒಳ್ಳೆಯದು ನಾಟಿಗೂ ಆಗುತ್ತದೆ. ಹೆಬ್ಬೆರಳಿಗಿಂತ ದಪ್ಪನೆಯ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: ಒಂದು ಲೀಟರ್ ನೀರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆಬೇರೆ ಕದಡಿ ಸೇರಿಸಿದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಮನೆಗಳಲ್ಲಿ ಎರಡೂ ಇದ್ದೇ ಇರುತ್ತವೆ. ಆದರೆ ತೋಟಕ್ಕೆ ಹೊಡೆದು ಮಿಕ್ಕ ದ್ರಾವಣವನ್ನು ದಾಸವಾಳದ ಎಲೆಗೆ ಎರಚಬೇಡಿ. ಆ ಎಲೆ, ಹೂವು ಅಡುಗೆಮನೆಗೂ ತಲೆಗೂ ಬರುವಂಥದ್ದು.

ಚಳಿ ಬಂತೆಂದರೆ ಹಿಟ್ಟುತಿಗಣೆ

ಕಿರವತ್ತಿಯಲ್ಲಿ ಹಿಮ ಬೀಳುವುದಿಲ್ಲ, ಚಳಿಗೆ ದಾಸವಾಳ ಸಾಯುವುದಿಲ್ಲ. ಬೆಳವಣಿಗೆ ನಿಧಾನವಾಗುತ್ತದೆ, ಹೂವು ಸಣ್ಣದಾಗಿ ತಡವಾಗಿ ಅರಳುತ್ತದೆ, ಒಂದಷ್ಟು ಎಲೆ ಉದುರುತ್ತದೆ. ಇದು ಸಹಜ. ಡಿಸೆಂಬರ್-ಜನವರಿ ಗೊಬ್ಬರ ನಿಲ್ಲಿಸಿ, ನೀರು ಬೆಳಿಗ್ಗೆ ಮಾತ್ರ ಕೊಡಿ, ಕತ್ತರಿ ಮುಟ್ಟಿಸಬೇಡಿ. ಈಗ ಕವಾತು ಮಾಡಿದರೆ ಬರುವ ಎಳೆ ಚಿಗುರು ನೇರ ಹಿಟ್ಟುತಿಗಣೆಯ ಬಾಯಿಗೆ ಬೀಳುತ್ತದೆ.

ನಮ್ಮ ಚಳಿಗಾಲದ ನಿಜವಾದ ಶತ್ರು ಅದು. ಮಳೆ ನಿಂತು ಗಾಳಿ ಒಣಗಿದಂತೆ ತುದಿ ಎಲೆಗಳು ಮುದುಡಿ ಗಂಟುಗಟ್ಟಿದಂತಾಗುತ್ತವೆ. ಬಿಡಿಸಿ ನೋಡಿದರೆ ಒಳಗೆ ಬಿಳಿ ಹತ್ತಿಯಂಥ ಪುಡಿ, ಅದರಡಿ ಗುಲಾಬಿ ಮೈಯ ಸಣ್ಣ ಹುಳ. ಟೊಂಗೆಯ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ಹಿಟ್ಟುತಿಗಣೆ ಇದೆಯೆಂದೇ ಲೆಕ್ಕ. ಅದರ ಸಿಹಿ ಸ್ರಾವಕ್ಕಾಗಿ ಇರುವೆ ಅದನ್ನು ಕಾಯುತ್ತದೆ. ಹತ್ತಿಗೆ ಬೀಳುವ ಹಿಟ್ಟುತಿಗಣೆಯೂ ದಾಸವಾಳವನ್ನು ಬಿಡುವುದಿಲ್ಲ. ಹತ್ತಿ, ಬೆಂಡೆ ಬೆಳೆಯುವ ಹೊಲದ ಪಕ್ಕದ ಅಂಗಳದವರು ಸ್ವಾತಿ ಮಳೆ ಮುಗಿದದ್ದೇ ವಾರಕ್ಕೊಮ್ಮೆ ತುದಿಗಳನ್ನು ನೋಡುತ್ತಿರಬೇಕು.

ಮೊದಲು ಕಂಡಾಗ ಮುದುಡಿದ ತುದಿಯನ್ನು ಕತ್ತರಿಸಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಬುಡದಲ್ಲಿ ಎಸೆದರೆ ಮತ್ತೆ ಹತ್ತುತ್ತದೆ. ಉಳಿದ ಗಿಡಕ್ಕೆ ಪೈಪಿನ ನೀರನ್ನು ರಭಸದಿಂದ ಎಲೆಯಡಿಗೆ ಬಿಡಿ. ಇನ್ನೂ ಹೋಗದಿದ್ದರೆ ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನೆಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ಸ್ವಲ್ಪ ಸಾಬೂನು ದ್ರಾವಣ, ಸಂಜೆ ಹೊತ್ತಿನಲ್ಲಿ, ವಾರ ಬಿಟ್ಟು ಮತ್ತೊಮ್ಮೆ. ಅಷ್ಟು ದಿನ ಆ ಗಿಡದ ಹೂವು ಅಡುಗೆಗೆ ಬೇಡ.

ಒಂದು ಎಚ್ಚರಿಕೆ. ಹಿಟ್ಟುತಿಗಣೆಯ ನಡುವೆ ಅದಕ್ಕಿಂತ ದೊಡ್ಡದಾದ, ಮೈತುಂಬ ಉದ್ದುದ್ದ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಮರಿಹುಳ ಕಂಡರೆ ಕೊಲ್ಲಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಹಿಟ್ಟುತಿಗಣೆಯ ವೇಷದಲ್ಲಿದ್ದು ಹಿಟ್ಟುತಿಗಣೆಯನ್ನೇ ತಿನ್ನುತ್ತದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದು ಬಿಟ್ಟ ಹುಳ ಇದು. ಇದು ಗಿಡದಲ್ಲಿದ್ದರೆ ಬೇವಿನೆಣ್ಣೆಯೂ ಬೇಡ, ಇರುವೆ ಹತ್ತದಂತೆ ನೋಡಿಕೊಂಡರೆ ಉಳಿದದ್ದನ್ನು ಅದೇ ಮುಗಿಸುತ್ತದೆ.

ಬುಡಕ್ಕೆ ದರಕು ಹೊದಿಸುವ ಕಾಲ ಚಳಿ ಮುಗಿಯುವಾಗ, ಫೆಬ್ರವರಿಯಲ್ಲಿ. ಕಾಂಡದಿಂದ ಒಂದು ಗೇಣು ಬಿಟ್ಟು ಹೊದಿಸಿ, ಇಲ್ಲದಿದ್ದರೆ ಒರಲೆ ಹತ್ತುತ್ತದೆ. ಅದೇ ಹೊತ್ತಿಗೆ ಹಳೆ ಕೊಟ್ಟಿಗೆಗೊಬ್ಬರ ಒಂದು ಬುಟ್ಟಿ, ಒಲೆಬೂದಿ ಒಂದು ಹಿಡಿ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಒಂದು ಕೊಡ ನೀರು ಸಾಕು. ಆಗ ಮಂಗಗಳು ಮೊಗ್ಗಿಗೆ ಬರುತ್ತವೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಹಿಮ ಬೀಳುವ ಊರಿನ ಮಕ್ಕಳಿಗೆ

ಈ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಯುರೋಪಿನಲ್ಲಿದ್ದಾರೆ. ದೇವರಿಗೊಂದು ದಾಸವಾಳ ಬೇಕೆಂದು ಕುಂಡದಲ್ಲಿ ಬೆಳೆಸುತ್ತಾರೆ. ಅವರಿಗೆ ಚಳಿಗಾಲ ದಾಟಿಸುವುದು ನಿಜಕ್ಕೂ ಜೀವನ್ಮರಣದ ಪ್ರಶ್ನೆ. ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಗಿಡ ಒಳಗೆ ಬರಬೇಕು. ತರುವ ಮುನ್ನ ಎಲೆಯಡಿ ಪರೀಕ್ಷಿಸಿ ತೊಳೆಯಿರಿ, ಮೂರರಲ್ಲೊಂದು ಭಾಗ ಸವರಿ, ದಕ್ಷಿಣದ ಕಿಟಕಿಯ ಬಿಸಿಲಿಗಿಡಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಎಲೆ ಉದುರಿದರೆ ಗಾಬರಿ ಬೇಡ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರಿದ್ದರೆ ಜೀವವಿದೆ. ಹಿಮದ ಭಯ ಪೂರ್ತಿ ಹೋದ ಮೇಲೆ ಹೊರಗಿಡಿ, ಮೊದಲ ವಾರ ನೆರಳಲ್ಲಿ.

ನೆಲದಲ್ಲೇ ನೆಡುವ ಆಸೆಯಿದ್ದರೆ ಹೈಬಿಸ್ಕಸ್ ಸಿರಿಯಾಕಸ್ ತನ್ನಿ. ದಕ್ಷಿಣ ಕೊರಿಯಾದ ರಾಷ್ಟ್ರಪುಷ್ಪ ಅದು. ಚಳಿಯಲ್ಲಿ ಎಲೆಯೆಲ್ಲ ಉದುರಿಸಿ ಬರಿಗಡ್ಡಿಯಾಗಿ ನಿಂತು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದು ಮತ್ತೆ ಚಿಗುರುತ್ತದೆ. ಊರಿಂದ ಕಡ್ಡಿಯನ್ನು ಸೂಟ್‌ಕೇಸಿನಲ್ಲಿಟ್ಟು ಒಯ್ಯುವ ಆಸೆ ಮಾತ್ರ ಬಿಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಗಿಡವನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಹಿಟ್ಟುತಿಗಣೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದೂ ಇಂಥ ಕಡ್ಡಿಗಳ ಜೊತೆಗೇ.

ಇಲ್ಲಿರುವ ನಮಗೆ ಆ ಕಷ್ಟವಿಲ್ಲ. ಒಂದು ಬದುಕಿದ ಗಿಡ ಮನೆಗೆ ಎಷ್ಟು ಕೊಡುತ್ತದೆ ನೋಡಿ. ಏಳೆಂಟು ಕೆಂಪು ಹೂವಿನ ಎಸಳು ಬಿಡಿಸಿ, ತೊಟ್ಟು-ಕೊಳವೆ ತೆಗೆದು, ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ಬೀಸಿ ಮಜ್ಜಿಗೆಗೆ ಬೆರೆಸಿದರೆ ನಾಲ್ಕು ಜನರಿಗೆ ತಂಬುಳಿ. ಮುಷ್ಟಿ ಸೊಪ್ಪು ಹಿಚುಕಿದರೆ ಒಂದು ತಲೆಸ್ನಾನಕ್ಕಾಗುವ ಲೋಳೆ.

ಮೇ ತಿಂಗಳಲ್ಲಿ ಬೇಲಿ ತೆಗೆದು ಕಾಂಪೌಂಡ್ ಕಟ್ಟಿಸುವವರಲ್ಲಿ ನನ್ನದೊಂದು ಕೋರಿಕೆ: ಜೆಸಿಬಿ ಕರೆಸುವ ಮುನ್ನ ಅಲ್ಲಿರುವ ಪ್ರತಿ ಬಣ್ಣದ ದಾಸವಾಳದಿಂದ ನಾಲ್ಕು ನಾಲ್ಕು ಟೊಂಗೆ ಕತ್ತರಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಡಿ. ಎರಡು ದಿನ ಹಾಗೇ ಇದ್ದರೂ ಹಾಳಾಗುವುದಿಲ್ಲ. ನಿಮಗೆ ಜಾಗವಿಲ್ಲದಿದ್ದರೆ ಪಕ್ಕದ ಮನೆಯವರಿಗೆ ಕೊಡಿ.